ತಂಬಿಗೆಯೊಳಗೆ ಏಳು ತೊಗರಿಕಾಳು

ಕಲಬುರಗಿಯ ಒಂದು ದಾಲ್‌ಮಿಲ್ಲಿನಲ್ಲಿ ತೊಗರಿಯ ದರ್ಜೆ ನೋಡುವುದು ನನ್ನ ಕೆಲಸ. ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಅಂಗೈ ಮೇಲೆ ಹರಡಿ, ಜೊಳ್ಳೆಷ್ಟು, ಹುಳ ಹಿಡಿದದ್ದೆಷ್ಟು, ಹಸಿ ಎಷ್ಟು ಎಂದು ಹೇಳಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದರಿಂದ ಮನುಷ್ಯರನ್ನೂ ಹೀಗೇ ಅಂಗೈ ಮೇಲೆ ಹರಡಿ ನೋಡುವ ಚಾಳಿ ಬಿದ್ದಿದೆ. ‘ನಿಮ್ಮ ಕಣ್ಣಿಗಿ ಚಲೋ ಕಾಳು ಬೀಳಂಗೇ ಇಲ್ಲ’ ಎಂದು ಹೆಂಡತಿ ಆಗಾಗ ಹೇಳುತ್ತಾಳೆ. ಅವಳ ಮಾತಿಗೆ ನಾನು ಎದುರಾಡುವುದಿಲ್ಲ.

ಹನ್ನೆರಡು ವರ್ಷ ನಾವು ಏಳು ಮಂದಿ ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಭಕ್ತರಾಗಿದ್ದೆವು. ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಕೆಂಪು ಅಂಗಿಯವರು ಎಂದರೆ ಸಾಕು. ಅಲ್ಲಿ ಕೆಂಪು ಅಂಗಿಯ ಕ್ಲಬ್ಬುಗಳು ನಾಲ್ಕಾರು ಇರುವುದರಿಂದ ಓದಿದವರೆಲ್ಲ ತಮ್ಮದೇ ಎಂದುಕೊಂಡು ಖುಷಿಪಡಲಿ. ಖೂಬಾ ಪ್ಲಾಟ್‌ನಲ್ಲಿ ನಮ್ಮಲ್ಲೊಬ್ಬನ ಮನೆ. ಅವನು ಹೈಸ್ಕೂಲ್ ಮೇಷ್ಟ್ರು. ಅವನ ಮನೆಯ ಮಹಡಿಯ ಕೋಣೆಯಲ್ಲಿ ಶನಿವಾರ ಸಂಜೆ ಸೇರುತ್ತಿದ್ದೆವು. ನಾನು ಕುಸನೂರಿನಿಂದ ಬೈಕಿನಲ್ಲಿ ಬರುತ್ತಿದ್ದೆ. ಉಳಿದವರಲ್ಲಿ ನಾಲ್ವರು ಊರಿನವರೇ. ಒಬ್ಬ ಮಾತ್ರ ಕಮಲಾಪುರದಿಂದ ಬಸ್ಸು ಹಿಡಿದು ಬರುತ್ತಿದ್ದ. ಈ ಬರಹ ಅವನದು, ಅವನ ಮಗಳದು.

ಅವನನ್ನು ಗೆಳೆಯ ಎಂದೇ ಕರೆಯುತ್ತೇನೆ. ಕಮಲಾಪುರದಲ್ಲಿ ಅವನದೊಂದು ಸಣ್ಣ ಅಂಗಡಿ. ಹೊಲದ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಅದರ ಹಳೇ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿಕೊಡುವ ಕೆಲಸ. ಕ್ಲಬ್ಬಿನ ಹುಚ್ಚನ್ನು ನಮಗೆಲ್ಲ ಹಚ್ಚಿದವನೇ ಅವನು. ಸುತ್ತುವುದನ್ನು ಬಿಟ್ಟು ಮಾತಿಗೆ ಕುಳಿತನೆಂದರೆ ಇಪ್ಪತ್ತು ವರ್ಷ ಹಿಂದಿನ ಪಂದ್ಯದಲ್ಲಿ ಯಾರು ಯಾರಿಗೆ ಚೆಂಡು ಕೊಟ್ಟರು ಎಂಬುದನ್ನು ಸ್ಪ್ಯಾನರ್, ಬೋಲ್ಟ್ ಜೋಡಿಸಿ ತೋರಿಸುತ್ತಿದ್ದ.

ದೇಶದ ತಂಡ ಎಂದರೆ ನಮಗೆ ತಮಾಷೆಯ ವಸ್ತು. ಕ್ರಿಕೆಟ್ಟಿಗೆ ಕುಳಿತಾಗ ನಾವು ಏಳೂ ಜನ ಪಕ್ಕಾ ದೇಶಪ್ರೇಮಿಗಳು. ಫುಟ್‌ಬಾಲಿಗೆ ಬಂದರೆ ಭಾರತದ ತಂಡ ಯಾವಾಗ ಆಡಿತು, ಯಾರ ಹತ್ತಿರ ಸೋತಿತು ಎಂದು ಮರುದಿನದ ಪೇಪರಿನಲ್ಲಿ ಮೂಲೆಯಲ್ಲಿ ಓದಿದರೂ ಆಯಿತು, ಬಿಟ್ಟರೂ ಆಯಿತು. ವಿಶ್ವಕಪ್ ಬಂದಾಗ ಊರಿನ ಹುಡುಗರು ಅರ್ಜೆಂಟೀನಾ, ಬ್ರೆಜಿಲ್ ಎಂದು ಗಲ್ಲಿಗಲ್ಲಿಗೆ ಬಾವುಟ ಕಟ್ಟುತ್ತಾರೆ. ನಾವು ಅದನ್ನೂ ಮಾಡುತ್ತಿರಲಿಲ್ಲ. ನಮ್ಮ ಕ್ಲಬ್ಬಿನ ಆಟಗಾರರು ಯಾವ ದೇಶದಲ್ಲಿ ಹೆಚ್ಚಿದ್ದಾರೋ ಆ ತಿಂಗಳ ಮಟ್ಟಿಗೆ ಅದು ನಮ್ಮ ದೇಶ. ಅವರಲ್ಲಿ ಯಾರಾದರೂ ಕಾಲು ಉಳುಕಿಸಿಕೊಂಡರೆ ಆ ದೇಶದವರನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದೆವು. ನಮ್ಮ ಹುಡುಗನನ್ನು ಎರವಲು ಒಯ್ದು ಹಾಳುಮಾಡಿದರು ಎಂಬ ಸಿಟ್ಟು.

ಇದಕ್ಕೆ ನನ್ನದೊಂದು ವಾದವೂ ಇತ್ತು. ದೇಶ ಹುಟ್ಟಿನಿಂದ ಬಂದದ್ದು, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಜಾತಿ, ಮನೆತನ, ಅಡ್ಡಹೆಸರು ಎಲ್ಲವೂ ಹಾಗೇ ಬಂದವು. ಕ್ಲಬ್ ಒಂದನ್ನೇ ನಾನು ಸ್ವಂತ ಬುದ್ಧಿಯಿಂದ ಆರಿಸಿಕೊಂಡದ್ದು. ಇದನ್ನು ನಾನು ಹೇಳಿದಾಗಲೆಲ್ಲ ಗೆಳೆಯ ನಕ್ಕು, ‘ನೀ ಎಲ್ಲಿ ಆರಿಸಿದ್ಯೋ, ನಾನೇ ತಂದು ನಿನ್ನ ತಲಿಗಿ ಕಟ್ಟೀನಿ’ ಎನ್ನುತ್ತಿದ್ದ. ಅದೂ ನಿಜವೇ.

ಕೋಣೆಯಲ್ಲಿ ಎರಡು ಕಟ್ಟಳೆ ಇದ್ದವು. ಮೊದಲನೆಯದು, ಪಂದ್ಯ ಶುರುವಾಗುವ ಮುಂಚೆ ಎಲ್ಲರೂ ಮೊಬೈಲ್ ಬಂದ್ ಮಾಡಿ ರೊಟ್ಟಿ ಬುಟ್ಟಿಯಲ್ಲಿ ಹಾಕಬೇಕು. ನಮ್ಮ ಟಿವಿಗೆ ಇಂಟರ್ನೆಟ್ಟಿನಲ್ಲಿ ಬರುವ ಪಂದ್ಯ ಅರ್ಧ ನಿಮಿಷ ತಡ. ನಾವು ಇನ್ನೂ ಚೆಂಡು ನೋಡುತ್ತಿರುವಾಗಲೇ ಬೀದರಿನ ಯಾರೋ ‘ಗೋಲ್’ ಎಂದು ಮೆಸೇಜು ಹಾಕಿ ನಮ್ಮ ಜೀವ ಹಿಂಡುತ್ತಿದ್ದರು. ಹಾಗಾಗಿ ಕೊನೆಯ ಸೀಟಿ ಆಗುವವರೆಗೆ ಬುಟ್ಟಿಗೆ ಯಾರೂ ಕೈ ಹಾಕುವಂತಿಲ್ಲ.

ಎರಡನೆಯದು ತಂಬಿಗೆ. ಒಮ್ಮೆ ಕ್ಲಬ್ಬಿನ ಪಂದ್ಯ ನೋಡಬೇಕೋ, ಅದೇ ಹೊತ್ತಿಗೆ ಇದ್ದ ಕ್ರಿಕೆಟ್ ನೋಡಬೇಕೋ ಎಂಬ ಮಾತು ಕೊರಳಪಟ್ಟಿ ಹಿಡಿಯುವವರೆಗೆ ಹೋಗಿತ್ತು. ಮರುವಾರ ನಾನು ಮಿಲ್ಲಿನಿಂದ ಒಂದು ಹಿಡಿ ತೊಗರಿ, ಮನೆಯಿಂದ ಒಂದು ಹಿಡಿ ಬಿಳಿಜೋಳ ತಂದೆ. ಕ್ಲಬ್ ಬೇಕೆನ್ನುವವನು ತೊಗರಿ ಹಾಕಲಿ, ಬೇರೆ ಏನಾದರೂ ಬೇಕೆನ್ನುವವನು ಜೋಳ ಹಾಕಲಿ. ತಂಬಿಗೆಯ ಬಾಯಿಗೆ ಟವೆಲ್ಲು. ಮುಚ್ಚಿದ ಮುಷ್ಟಿ ಒಳಗೆ ಹೋಗಿ ಖಾಲಿಯಾಗಿ ಬರಬೇಕು. ಕೊನೆಗೆ ತಟ್ಟೆಗೆ ಸುರಿದು ಎಣಿಸುವುದು. ಯಾರು ಏನು ಹಾಕಿದರೆಂದು ಕೇಳಬಾರದು, ಫೈಸ್ಲಾ ಆದ ಮೇಲೆ ಮಾತು ಬೆಳೆಸಬಾರದು. ಇದಕ್ಕೆ ಒಂದು ಬಾಲಂಗೋಚಿ ಸೇರಿಸಿದವನು ಗೆಳೆಯ. ಮೇಷ್ಟ್ರ ತಮ್ಮನ ಮಗ ಯಾವುದೋ ಟಿವಿಯಲ್ಲಿ ಕುಣಿಯುತ್ತಾನೆಂದು ಮೇಷ್ಟ್ರು ಜೋಳಕ್ಕೆ ಪ್ರಚಾರ ಮಾಡಿದಾಗ, ‘ಮನಿ ಮಂದಿ ಸಲುವಾಗಿ ಯಾರೂ ಬಾಯಿ ತೆರಿಬಾರ್ದು ನೋಡ್ರಿ, ಕಾಳೂ ಹಾಕಬಾರ್ದು’ ಎಂದು ಕಡ್ಡಿ ಮುರಿದಂತೆ ಹೇಳಿದ್ದ. ಮೇಷ್ಟ್ರು ಆ ದಿನ ಮುಖ ಉಬ್ಬಿಸಿಕೊಂಡು ಕುಳಿತಿದ್ದು ನೆನಪಿದೆ.

ಗೆಳೆಯನ ಮಗಳಿಗೆ ಆಗ ಹತ್ತು ವರ್ಷ. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಅಪ್ಪ ಮತ್ತು ಎರಡೂ ಕಣ್ಣಿಗೆ ಪೊರೆ ಬಂದ ಅಜ್ಜಿ. ಕಮಲಾಪುರದ ಶಾಲೆಯ ಮೈದಾನದಲ್ಲಿ ಗಂಡುಹುಡುಗರ ನಡುವೆ ನುಗ್ಗಿ ಆಡುತ್ತಿದ್ದವಳನ್ನು ಯಾರೋ ತರಬೇತುದಾರರು ನೋಡಿ ಕ್ರೀಡಾ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿಂದ ರಾಜ್ಯದ ತಂಡ. ಹದಿನೇಳನೇ ವಯಸ್ಸಿಗೆ ದೇಶದ ಕಿರಿಯ ಹುಡುಗಿಯರ ತಂಡಕ್ಕೆ ಕರೆ ಬಂತು. ಗೆಳೆಯ ಈ ಸುದ್ದಿ ನಮಗೆ ಹೇಳಿದ್ದು ಪಂದ್ಯದ ನಡುವೆ ಚಹಾ ಕುಡಿಯುವಾಗ, ಅದೂ ಮೋಟಾರಿನ ಬೇರಿಂಗಿನ ಬಗ್ಗೆ ಹೇಳುವ ಧಾಟಿಯಲ್ಲಿ. ನಾವು ಬೆನ್ನು ತಟ್ಟಿದೆವು. ಮೇಷ್ಟ್ರು ಧಾರವಾಡ ಪೇಢೆ ತರಿಸಿದರು.

ಅವಳು ತಂಡದೊಂದಿಗೆ ಪರದೇಶಕ್ಕೆ ಹೋದಳು. ಎರಡು ಪಂದ್ಯ ಬೆಂಚಿನ ಮೇಲೆ ಕುಳಿತಳು. ಆ ಪಂದ್ಯಗಳು ಟಿವಿಯಲ್ಲಿ ಬರುತ್ತಿರಲಿಲ್ಲ, ಒಂದು ವೆಬ್‌ಸೈಟಿನಲ್ಲಿ ಆ ಹೊತ್ತಿಗಷ್ಟೇ ತೋರಿಸಿ ತೆಗೆದುಬಿಡುತ್ತಿದ್ದರು. ಅಂಗಡಿಯಲ್ಲಿ ಮೊಬೈಲ್ ಹಿಡಿದು ಎರಡನ್ನೂ ಪೂರ್ತಿ ನೋಡಿದವನು ಗೆಳೆಯ ಒಬ್ಬನೇ. ಬೆಂಚು ಕಾಣಿಸಿದ್ದು ಎರಡು ಸಲ ಎಂದು ಹೇಳಿದ್ದ. ಊರಿನಲ್ಲಿ ಯಾರಿಗೂ ತಿಳಿಸಿರಲಿಲ್ಲ. ‘ನಾ ಡಂಗುರ ಹೊಡ್ಯೋದು, ಆಕಿ ಬೆಂಚಿನ ಮ್ಯಾಲ ಕೂಡೋದು, ಮಂದಿ ನಗೋದು. ಯಾಕ ಬೇಕು?’ ಎಂದಿದ್ದ.

ಮೂರನೆಯ ಪಂದ್ಯ ಶನಿವಾರ ಸಂಜೆ ಐದಕ್ಕೆ. ನಮ್ಮ ಕ್ಲಬ್ಬಿನದೂ ಅದೇ ಐದಕ್ಕೆ, ಪಕ್ಕದೂರಿನ ನೀಲಿ ಅಂಗಿಯವರ ಎದುರು. ನಮಗೆ ಆ ಪಂದ್ಯವೆಂದರೆ ವರ್ಷದ ಹಬ್ಬ.

ನಾಲ್ಕೂವರೆಗೆ ಎಲ್ಲರೂ ಸೇರಿದೆವು. ಗೆಳೆಯ ಕೆಂಪು ಅಂಗಿ ಹಾಕಿಕೊಂಡೇ ಬಂದಿದ್ದ. ಅದನ್ನು ನೋಡಿ ನಮಗೆ ಅರ್ಧ ಹಗುರವಾಯಿತು. ಮೇಷ್ಟ್ರು ತಂಬಿಗೆ ತಂದಿಟ್ಟು, ‘ತಂಬಿಗಿ ತಿರುಗಿಸೋಣೇನ್ರಿ ಒಮ್ಮೆ?’ ಎಂದರು. ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ಗೆಳೆಯ ಟಿವಿಯ ತಂತಿ ಸರಿಮಾಡುವ ನೆಪದಲ್ಲಿ ನಮಗೆ ಬೆನ್ನು ತಿರುಗಿಸಿದ.

ನಾನು ತೊಗರಿ ಹಾಕಿದೆ. ಯಾಕೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉಳಿದವರೆಲ್ಲ ಜೋಳ ಹಾಕೇ ಹಾಕುತ್ತಾರೆಂದು ನನಗೆ ಖಾತ್ರಿಯಿತ್ತು. ಹುಡುಗಿಯ ಪಂದ್ಯ ಹಚ್ಚುವುದು ತೀರ್ಮಾನವಾದಂತೆಯೇ, ನನ್ನದೊಂದು ತೊಗರಿಯಿಂದ ಏನಾಗುತ್ತದೆ ಎಂದುಕೊಂಡೆ. ಕ್ಲಬ್ಬನ್ನು ಒಬ್ಬನಾದರೂ ಕೈಬಿಡಲಿಲ್ಲ ಎಂದು ತಟ್ಟೆಯಲ್ಲಿ ಕಾಣಲಿ ಎಂಬ ಜಂಬವೂ ಇತ್ತು. ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚು. ಹನ್ನೆರಡು ವರ್ಷ ಏಳೂ ಜನ ಪರರ ಮಕ್ಕಳಿಗೆ ಚಪ್ಪಾಳೆ ತಟ್ಟಿದ್ದೆವು. ಈಗ ನಮ್ಮಲ್ಲೊಬ್ಬನಿಗೆ ತನ್ನದೇ ಮಗಳು ಸಿಕ್ಕಿದ್ದಳು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಗೆಳೆಯ ಕೊನೆಗೆ ಬಂದು ಮುಷ್ಟಿ ಒಳಗಿಟ್ಟ. ಮೇಷ್ಟ್ರು ಟವೆಲ್ಲು ತೆಗೆದು ತಂಬಿಗೆಯನ್ನು ತಟ್ಟೆಗೆ ಬೋರಲು ಹಾಕಿದರು. ಏಳು ಕಾಳು ಬಿದ್ದವು. ಏಳೂ ತೊಗರಿ.

ಮೇಷ್ಟ್ರು ತಂಬಿಗೆಯ ತಳಕ್ಕೆ ಎರಡು ಸಲ ಬಡಿದರು, ಜೋಳ ಎಲ್ಲಾದರೂ ಅಂಟಿಕೊಂಡಿದೆಯೇನೋ ಎನ್ನುವಂತೆ. ನಾನು ತಟ್ಟೆಯನ್ನೇ ನೋಡಿದೆ. ಒಳ್ಳೇ ಕಾಳು, ಒಂದೂ ಜೊಳ್ಳಿರಲಿಲ್ಲ. ಆಗ ಯಾರಾದರೂ ಒಬ್ಬರು, ‘ಛೇ, ಇದೇನ್ರೋ, ಆಕಿ ಪಂದ್ಯ ಹಚ್ಚೋಣ’ ಎಂದಿದ್ದರೆ ಎಲ್ಲರೂ ಹೂಂ ಅನ್ನುತ್ತಿದ್ದೆವು. ಅದನ್ನು ಹೇಳಬೇಕೆಂದರೆ ನಾನು ತೊಗರಿ ಹಾಕಿದ್ದೆ ಎಂದು ಮೊದಲು ಒಪ್ಪಿಕೊಳ್ಳಬೇಕಿತ್ತು. ತಟ್ಟೆಯಲ್ಲಿ ಕಣ್ಣೆದುರೇ ಬಿದ್ದಿದ್ದರೂ ಒಪ್ಪಿಕೊಳ್ಳುವುದು ಬೇರೆಯೇ ಕೆಲಸ. ಗೆಳೆಯನೇ ಮಾತಾಡಿದ. ‘ಎಲ್ಲಾರ್ದೂ ಒಂದೇ ಮಾತು ಆತಲ್ಲ, ಹಚ್ಚು ಮತ್ತ’ ಎಂದ. ತನ್ನ ಮೊಬೈಲನ್ನು ಎಲ್ಲರಿಗಿಂತ ಮೊದಲು ಬುಟ್ಟಿಯಲ್ಲಿ ಹಾಕಿದ.

ಆ ಪಂದ್ಯದ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಸೊನ್ನೆ ಸೊನ್ನೆ. ನಮ್ಮವರು ಗೋಲಿನತ್ತ ಚೆಂಡು ಹೊಡೆದದ್ದೇ ಕಡಿಮೆ. ಎಂದಿನಂತೆ ಬಯ್ಯಬೇಕಾದಲ್ಲಿ ಬೈದೆವು, ದನಿ ಮಾತ್ರ ನಮ್ಮದಾಗಿರಲಿಲ್ಲ. ಅರ್ಧದಲ್ಲಿ ಚಹಾ ಬಂತು. ಗೆಳೆಯ ಕಪ್ಪು ಹಿಡಿದು ಒಮ್ಮೆ ಬುಟ್ಟಿಯ ಕಡೆ ನೋಡಿದ. ನಾನು ಅದನ್ನು ನೋಡಿದೆ. ‘ಬುಟ್ಟಿ ಕಟ್ಟಳೆ ಹಾಳಾಗಿ ಹೋಗ್ಲಿ, ಒಮ್ಮೆ ನೋಡು’ ಎನ್ನಬೇಕೆಂದುಕೊಂಡೆ. ‘ಚಹಾ ಚಲೋ ಆಗ್ಯದ’ ಎಂದೆ. ಅವನು ‘ಹೌದು’ ಎಂದ.

ಸೀಟಿಯಾದ ಮೇಲೆ ಎಲ್ಲರೂ ಮೊಬೈಲ್ ತೆಗೆದುಕೊಂಡರು. ಗೆಳೆಯನದು ಚಾಲೂ ಆಗಲು ತಡವಾಯಿತು. ಇನ್ನೂ ಪೂರ್ತಿ ಬೆಳಗುವ ಮೊದಲೇ ರಿಂಗ್ ಆಯಿತು. ಮಗಳು. ಅವಳ ದನಿ ಎಷ್ಟು ಜೋರಾಗಿತ್ತೆಂದರೆ ಕೋಣೆಗೆಲ್ಲ ಕೇಳಿಸಿತು.

‘ಅಪ್ಪಾ, ಆಡಿಸಿದ್ರು! ನನ್ನ ಇಳಿಸಿದ್ರು ಅಪ್ಪಾ! ಹನ್ನೊಂದು ನಿಮಿಷ! ನೋಡಿದ್ರಿಲ್ಲ?’

ಗೆಳೆಯನ ಮುಖದಲ್ಲಿ ಏನೂ ಬದಲಾಗಲಿಲ್ಲ. ‘ನೋಡಿದ್ವಿ ಅವ್ವಾ’ ಎಂದ. ‘ಎಲ್ಲಾರೂ ನೋಡಿದ್ವಿ. ಏಳೂ ಮಂದಿ ಎದ್ದು ನಿಂತಿದ್ವಿ ನೋಡು.’

ಅವಳು ಅತ್ತಳೋ ನಕ್ಕಳೋ ತಿಳಿಯಲಿಲ್ಲ. ನಾವು ಆರೂ ಜನ ಚಾಪೆ ನೋಡುತ್ತಿದ್ದೆವು. ಫೋನಿಟ್ಟ ಮೇಲೆ ಅವನು ಬೂಟು ಹಾಕಿಕೊಂಡು, ಬಾಗಿಲ ಹತ್ತಿರ ನಿಂತು, ‘ಆಕೀಗಿ ಗೊತ್ತಾಗಬಾರ್ದ್ರೋ’ ಎಂದಷ್ಟೇ ಹೇಳಿ ಬಸ್ಸಿಗೆ ಹೋದ. ಆ ಪಂದ್ಯ ವೆಬ್‌ಸೈಟಿನಿಂದ ಆಗಲೇ ಹೋಗಿತ್ತು. ಎರಡು ನಿಮಿಷದ ತುಣುಕೊಂದು ಸಿಕ್ಕಿತು. ಭಾರತಕ್ಕೆ ಬಿದ್ದ ನಾಲ್ಕು ಗೋಲು ತೋರಿಸಿ ಅದು ಮುಗಿಯುತ್ತಿತ್ತು. ಅವಳು ಇಳಿದದ್ದು ನಾಲ್ಕನೆಯದರ ನಂತರ.

ನಾನು ಮನೆಗೆ ಹೋಗಿ ಊಟ ಮಾಡಿದೆ. ದುಃಖವಾಗಬೇಕಿತ್ತು. ಏನೂ ಆಗಲಿಲ್ಲ. ಸೋಮವಾರ ಮಿಲ್ಲಿನಲ್ಲಿ ಚೀಲಕ್ಕೆ ಕೊಳವೆ ಚುಚ್ಚಿದಾಗಲೂ ಏನೂ ಅನ್ನಿಸಲಿಲ್ಲ. ಕೈ ಜೋಮು ಹಿಡಿದಾಗ ಚಿವುಟಿಕೊಂಡರೂ ತಿಳಿಯುವುದಿಲ್ಲವಲ್ಲ, ಹಾಗೆ.

ನಮ್ಮೊಳಗೆ ಜಗಳವಾಗಲಿಲ್ಲ. ಮುಂದಿನ ವಾರ ಐವರು ಸೇರಿದೆವು, ಆಮೇಲೆ ಮೂವರು. ಮೇಷ್ಟ್ರು ಮಗನ ಪರೀಕ್ಷೆ ಎಂದರು, ಪರೀಕ್ಷೆ ಮುಗಿದ ಮೇಲೂ ಕರೆಯಲಿಲ್ಲ. ಗೆಳೆಯ ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದ. ನಾನು ಮನೆಯಲ್ಲಿ ದನಿ ಬಂದ್ ಮಾಡಿ ಕ್ಲಬ್ಬಿನ ಪಂದ್ಯ ಹಚ್ಚುತ್ತಿದ್ದೆ. ಕೆಂಪು ಅಂಗಿಯವರು ಓಡುತ್ತಿದ್ದರು. ಗೆದ್ದರೆ ಗೆದ್ದರು ಎಂದು ತಿಳಿಯುತ್ತಿತ್ತು, ಅಷ್ಟೇ. ಭಾರತದ ಪಂದ್ಯಗಳನ್ನೂ ನೋಡಲು ಪ್ರಯತ್ನಪಟ್ಟೆ, ತಪ್ಪುಕಾಣಿಕೆ ಕಟ್ಟುವವನ ಹಾಗೆ. ಅಲ್ಲಿಯೂ ಯಾರೋ ಓಡುತ್ತಿದ್ದರು. ಯಾರೂ ನನ್ನವರು ಅನ್ನಿಸಲಿಲ್ಲ.

ಹುಡುಗಿಗೆ ದೇಶದ ತಂಡದಿಂದ ಮತ್ತೆ ಕರೆ ಬರಲಿಲ್ಲ. ಅವಳ ಜಾಗದಲ್ಲಿ ಬೇರೆಯವರು ಬಂದರು. ಅವಳು ಆಡಿದ್ದು ಆ ಹನ್ನೊಂದು ನಿಮಿಷವೇ. ಈಗ ಅವಳಿಗೆ ಇಪ್ಪತ್ತು ದಾಟಿದೆ. ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಶನಿವಾರ ಮಧ್ಯಾಹ್ನ ಊರಿಗೆ ಹೋಗುತ್ತಾಳೆ.

ಹೋದ ಚಳಿಗಾಲ ಅಂಥದೊಂದು ಶನಿವಾರ, ಮಹಾಗಾಂವದ ರೈತನೊಬ್ಬನ ತೊಗರಿ ನೋಡಲು ಮಿಲ್ಲಿನವರು ನನ್ನನ್ನು ಕಳಿಸಿದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳು ಕುಳಿತಿದ್ದಳು. ‘ಬರ್ರಿ ಕಾಕಾ’ ಎಂದು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಜಾಗ ಕೊಟ್ಟಳು. ಊರು ದಾಟುವವರೆಗೆ ಪರೀಕ್ಷೆ, ಹಾಸ್ಟೆಲ್ ಊಟ, ಅಜ್ಜಿಯ ಕಣ್ಣಿನ ಆಪರೇಷನ್ ಎಂದು ಮಾತಾಡಿದೆವು.

‘ಕಾಕಾ, ಒಂದು ಕೇಳ್ತೀನಿ. ಖರೆ ಹೇಳ್ರಿ.’

ನನಗೆ ಅಲ್ಲೇ ಗೊತ್ತಾಯಿತು.

‘ಹೋದ ತಿಂಗಳು ಮೇಷ್ಟ್ರು ಕಾಕಾ ಸಿಕ್ಕಿದ್ರು. ನೀ ಬಲಗಡೆ ಭಾಳ ಚಲೋ ಆಡಿದೆವ್ವಾ ಅಂದ್ರು. ಅದಕ್ಕೂ ಮೊದಲ ನಿಮ್ಮ ಪೈಕಿ ಇನ್ನೊಬ್ರು ಸಿಕ್ಕಿದ್ರು. ಅವ್ರು ಸ್ವಲ್ಪದಾಗ ಗೋಲ್ ತಪ್ತು ಅಂದ್ರು. ನಾ ಎಡಗಡೆ ಆಡಿದ್ದೆ ಕಾಕಾ. ಗೋಲ್ ಹತ್ರ ಸೈತ ಹೋಗಿಲ್ಲ.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ‘ನೀವು ಯಾರೂ ನೋಡಿಲ್ಲ ಹೌದಿಲ್ಲೋ?’

ನಾನು ಎದುರಿನ ಸೀಟಿನ ಕಬ್ಬಿಣದ ಸರಳು ಹಿಡಿದುಕೊಂಡಿದ್ದೆ. ‘ಇಲ್ಲವ್ವಾ’ ಎಂದೆ. ‘ನಾ ನೋಡಿಲ್ಲ.’

ಅವಳು ತಲೆಯಾಡಿಸಿದಳು. ‘ಅಪ್ಪಗ ಇನ್ನಾ ಕೇಳಿಲ್ಲ’ ಎಂದಳು. ‘ಮೂರು ವರ್ಷ ಆತು. ಯಾವ ಕಡಿ ಆಡಿದ್ದೆ ಹೇಳಪ್ಪಾ ಅಂತ ಒಂದು ಮಾತು ಕೇಳಿದ್ರ ತಿಳೀತದ. ಬಾಯಿ ಬರಂಗಿಲ್ಲ. ಇವತ್ತ ಕೇಳಬೇಕಂತ ಮಾಡೀನಿ.’

ಮೂರು ವರ್ಷ ಜೋಮು ಹಿಡಿದಿದ್ದದ್ದು ಆಗ ಒಮ್ಮೆಲೇ ಚುಚ್ಚಿತು. ಹೆದರಿಕೆ, ನಾಚಿಕೆ ಎರಡೂ ಆದವು. ಯೋಚನೆ ಮಾಡಿ ಆಡಿದ ಮಾತಲ್ಲ ಅದು. ಬಾಯಿ ತಾನೇ ಹೇಳಿತು.

‘ನಿಮ್ಮಪ್ಪ ನೋಡ್ಯಾನ.’

ಅವಳು ನನ್ನ ಕಡೆ ತಿರುಗಿದಳು.

‘ನಾವು ಆರು ಮಂದಿ ಕ್ಲಬ್ಬಿನ ಮ್ಯಾಚ್ ಹಚ್ಚಿಕೊಂಡು ಕುಂತಿದ್ವಿ. ಅಂವ ಬುಟ್ಟ್ಯಾಗಿಂದು ಫೋನ್ ತಗೊಂಡು ಮಾಳಿಗಿ ಮ್ಯಾಲ ಹೋದ. ಪೂರಾ ಅಲ್ಲೇ ನಿಂತು ನೋಡ್ದ. ನಮ್ಮ ಮಾನ ಉಳಸ್ಲಾಕ ನಿನಗ ಎಲ್ಲಾರೂ ನೋಡಿದ್ವಿ ಅಂದ, ಅಷ್ಟೇ.’

‘ಅಪ್ಪ ಬುಟ್ಟಿಗಿ ಕೈ ಹಾಕಿದ್ರು?’

‘ಹಾಕ್ದ.’

ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಹೊರಗೆ ತೊಗರಿ ಕೊಯ್ದ ಹೊಲ. ‘ಹಂಗಾದ್ರ ಒಬ್ರು ನೋಡ್ಯಾರ’ ಎಂದಳು. ‘ಸಾಕು ಬಿಡ್ರಿ.’

ಮಹಾಗಾಂವ ಕ್ರಾಸ್ ಬಂತು. ಕಂಡಕ್ಟರ್ ಎರಡು ಸಲ ಕೂಗಿದ. ನಾನು ಏಳಲಿಲ್ಲ, ಯಾಕೆಂದರೆ ಅವಳು ಹೇಳಲು ಶುರುಮಾಡಿದ್ದಳು. ಕಂಡಕ್ಟರ್ ‘ನಿದ್ದಿ ಹತ್ತಿತ್ತೇನ್ರಿ ಯಜಮಾನ್ರ’ ಎಂದು ಬೈದು ಕಮಲಾಪುರದವರೆಗಿನ ಟಿಕೆಟ್ ಹರಿದುಕೊಟ್ಟ. ಅವಳು ನಾಲ್ಕು ಸಲ ಚೆಂಡು ಮುಟ್ಟಿದ್ದಳಂತೆ. ಮೊದಲನೆಯದು ಗೆರೆಯಾಚೆಯಿಂದ ಎಸೆದದ್ದು. ಅದನ್ನು ಹಿಂದಕ್ಕೆ ಕೊಟ್ಟುಬಿಟ್ಟಳು. ಎರಡನೆಯ ಸಲ ಗೆರೆಯುದ್ದಕ್ಕೂ ಓಡಿ ಒಬ್ಬಳನ್ನು ದಾಟಿದಳು, ಎರಡನೆಯವಳು ಕಸಿದುಕೊಂಡಳು. ಮೂರನೆಯದನ್ನು ದೂರದಿಂದ ಎತ್ತಿ ಹೊಡೆದಳು, ಅದು ನೇರ ಗೋಲ್‌ಕೀಪರಳ ಕೈಗೆ ಹೋಯಿತು. ನಾಲ್ಕನೆಯ ಸಲ ಚೆಂಡು ಬಂದಾಗ ಹಿಂದಿನಿಂದ ಯಾರೋ ಕಾಲು ಹಾಕಿದರು. ಬಿದ್ದಳು. ಸೀಟಿ ಊದಲಿಲ್ಲ. ಎದ್ದು ನಿಲ್ಲುವ ಹೊತ್ತಿಗೆ ಪಂದ್ಯವೇ ಮುಗಿದಿತ್ತು. ಇಷ್ಟನ್ನೂ ಅವಳು ಬೆರಳಿನಿಂದ ತನ್ನ ಚೀಲದ ಮೇಲೆ ಗೆರೆ ಎಳೆದು ತೋರಿಸಿದಳು. ನಾನು ಒಂದೊಂದನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅವಳು ಮನೆ ಮುಟ್ಟುವ ಮೊದಲು ನಾನು ಅಂಗಡಿ ಮುಟ್ಟಬೇಕಿತ್ತು.

ಕಮಲಾಪುರದಲ್ಲಿ ಇಳಿದ ಕೂಡಲೇ ಅವಳು ಅಜ್ಜಿಗೆ ಕೆಂಪು ಬಾಳೆಹಣ್ಣು ತೆಗೆದುಕೊಳ್ಳಲು ಗಾಡಿಯ ಹತ್ತಿರ ನಿಂತಳು. ನನಗೆ ಕೆಲಸವಿದೆಯೆಂದು ಹೇಳಿ, ಈ ವಯಸ್ಸಿನಲ್ಲಿ ಓಡಬಹುದಾದಷ್ಟು ಓಡಿದೆ.

ಗೆಳೆಯ ಮೋಟಾರಿಗೆ ತಂತಿ ಸುತ್ತುತ್ತಿದ್ದ. ತುಟಿ ಅಲುಗುತ್ತಿತ್ತು, ಸುತ್ತುಗಳನ್ನು ಎಣಿಸುತ್ತಿದ್ದ. ಎಣಿಕೆ ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ. ನನ್ನನ್ನು ನೋಡಿ ಕೈಸನ್ನೆಯಿಂದ ಕೂರಲು ಹೇಳಿದ. ನಾನು ಕೂರದೆ, ಬಸ್ಸಿನಲ್ಲಿ ಆದದ್ದನ್ನು ಏದುಸಿರು ಬಿಡುತ್ತಾ ಹೇಳಿದೆ. ಅವನು ಮಾಳಿಗೆ ಹತ್ತಿ ನೋಡಿದನೆಂಬ ನನ್ನ ಸುಳ್ಳನ್ನೂ ಹೇಳಿದೆ. ಅವನ ತುಟಿ ನಿಂತಿತು. ತಂತಿ ಕೈಯಿಂದ ಸಡಿಲವಾಗಿ ಬಿಚ್ಚಿಕೊಂಡಿತು. ಬಯ್ಯುತ್ತಾನೆಂದುಕೊಂಡಿದ್ದೆ.

‘ಯಾವ ಕಡಿ ಆಡಿದ್ಲಂತ?’ ಎಂದ.

‘ಎಡಗಡೆ.’

ನಾಲ್ಕು ಸಲದ್ದನ್ನೂ ಹೇಳಿದೆ. ಅವನು ಕಣ್ಣುಮುಚ್ಚಿ ಕೇಳಿದ. ‘ಮತ್ತೊಮ್ಮೆ ಹೇಳು’ ಎಂದ. ಮತ್ತೆ ಹೇಳಿದೆ. ಗೆರೆಯಾಚೆಯಿಂದ ಎಸೆದವರು ಯಾರು, ಒಬ್ಬಳನ್ನು ದಾಟಿದ್ದು ಒಳಗಡೆಯಿಂದಲೋ ಹೊರಗಡೆಯಿಂದಲೋ ಎಂದೆಲ್ಲ ಕೇಳಿದ. ನನಗೆ ಗೊತ್ತಿದ್ದಷ್ಟು ಹೇಳಿದೆ. ಮಧ್ಯೆ ಒಮ್ಮೆ, ಕೇಳದಿದ್ದರೂ, ‘ನೀವೆಲ್ಲಾ ಜೋಳ ಹಾಕ್ತೀರಿ ಅಂತ ಮಾಡಿದ್ದೆ ನಾ’ ಎಂದ. ನಾನೂ ಹಾಗೇ ಅಂದುಕೊಂಡಿದ್ದೆ ಎಂದು ಹೇಳಲು ಧೈರ್ಯ ಬರಲಿಲ್ಲ.

ಕೊನೆಗೆ ಅವನು ಕಣ್ಣು ತೆರೆದ.

‘ಬಿದ್ದಾಗ ಭಾಳ ನೋವಾಗಿತ್ತೇನು ಆಕೀಗಿ? ಯಾರರೆ ಕೈ ಕೊಟ್ಟು ಎಬ್ಬಿಸಿದ್ರೇನು?’

ಅವಳು ಅದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ‘ಗೊತ್ತಿಲ್ಲೋ’ ಎಂದೆ. ‘ಸಂಜೀಕ ನೀನೇ ಕೇಳು.’

ಅವನು ಬಿಚ್ಚಿಕೊಂಡ ತಂತಿಯನ್ನು ಕೈಗೆ ಸುತ್ತಿಕೊಂಡ.

‘ಹ್ಯಾಂಗ ಕೇಳ್ಲಿ?’ ಎಂದ. ‘ನಾ ನೋಡೀನಲ್ಲ.’

ಹೊರಗೆ ಅವಳ ಚಪ್ಪಲಿಯ ಸದ್ದು ಕೇಳಿಸಿತು. ಮನೆಗೆ ಹೋಗುವ ಮುಂಚೆ ಅಪ್ಪನನ್ನು ಕಾಣಲು ಅಂಗಡಿಗೇ ಬಂದಿದ್ದಳು. ಗೆಳೆಯ ಎದ್ದು ನಿಂತು ಕೈ ಒರೆಸಿಕೊಂಡ.